ವಿಕ್ಟೋರಿಯಾ ಸರೋವರದ ಮೀನು ಎಣಿಸೋದು ಹೇಗೆ?

ಆಫ್ರಿಕಾದ ವಿಕ್ಟೋರಿಯಾದಂಥ ದೊಡ್ಡ ಸರೋವರದಲ್ಲಿ ಎಷ್ಟು ಮೀನಿದೆ ಅಂತ ಹೇಗೆ ಹೇಳುತ್ತಾರೆ, ಸುಮ್ನೆ ಅಂದಾಜಾ ಅಂತ ಕೇಳಿದ್ದೀರಿ. ಅಂದಾಜೇ. ಆದರೆ ಸುಮ್ನೆ ಅಲ್ಲ.

ಮೀನುಗಾರಿಕೆ ಓದಿ ಮುಗಿಸಿದ ಮೇಲೆ ತಾಂಜಾನಿಯಾ ಕಡೆಯಿಂದ ಹೊರಟ ಒಂದು ಸರ್ವೆ ಹಡಗಿನಲ್ಲಿ ಸಹಾಯಕ್ಕೆ ಹೋಗಿದ್ದೆ. ಸರೋವರ ಸುಮಾರು 68,800 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಮೂರನೇ ಒಂದು ಪಾಲಿಗಿಂತ ಜಾಸ್ತಿ. ಬಲೆ ಬೀಸಿ ಎಣಿಸುವ ಮಾತೇ ಇಲ್ಲ. ಅದಕ್ಕೆ ಹಡಗಿನ ತಳದಲ್ಲಿರುವ ಒಂದು ಯಂತ್ರದಿಂದ ನೀರಿಗೆ ಶಬ್ದ ಬಿಡುತ್ತಾರೆ. ಮೀನಿನ ಹೊಟ್ಟೆಯಲ್ಲಿ ಗಾಳಿಚೀಲ ಇರುತ್ತದಲ್ಲ, ಶಬ್ದ ಹೆಚ್ಚಾಗಿ ಅದಕ್ಕೇ ಬಡಿದು ವಾಪಸ್ ಬರುತ್ತದೆ. ದೊಡ್ಡ ನೈಲ್ ಪರ್ಚ್ ಮೀನು ಯಂತ್ರದ ಪರದೆಯ ಮೇಲೆ ಬಿಡಿಬಿಡಿಯಾಗಿ ಕಾಣುತ್ತದೆ, ಒಂದೊಂದಾಗಿ ಎಣಿಸಬಹುದು. ಬೆರಳುದ್ದದ ದಗಾ ಮೀನಿನ ಹಿಂಡು ಬರೀ ಮೋಡ. ಅಲ್ಲಿ ತಲೆ ಎಣಿಕೆ ಇಲ್ಲ, ವಾಪಸ್ ಬಂದ ಒಟ್ಟು ಶಬ್ದದಿಂದ ತೂಕ ಲೆಕ್ಕ ಹಾಕಬೇಕು.

ಹೊರಡುವ ಮುಂಚೆ ಅರ್ಧ ದಿನ ಒಂದು ಗುಂಡಿನ ಜೊತೆ ಕಳೆಯಿತು! ಟಂಗ್‌ಸ್ಟನ್ ಕಾರ್ಬೈಡ್ ಅನ್ನೋ ಲೋಹದಂಥ ಗಟ್ಟಿ ವಸ್ತುವಿನದು, ಅಡ್ಡಳತೆ 38.1 ಮಿಲಿಮೀಟರ್, ಸಣ್ಣ ನಿಂಬೆಹಣ್ಣಿನಷ್ಟು. ಮೂರು ಗಾಳದ ದಾರ ಕಟ್ಟಿ ಹಡಗಿನ ಕೆಳಗೆ ಇಳಿಬಿಟ್ಟೆವು. ಅದರಿಂದ ಎಷ್ಟು ಶಬ್ದ ವಾಪಸ್ ಬರಬೇಕು ಅಂತ ಮೊದಲೇ ಗೊತ್ತಿರುತ್ತದೆ. ಬಟ್ಟು ಇಟ್ಟು ತಕ್ಕಡಿ ಸರಿಯಿದೆಯಾ ಅಂತ ನೋಡಿದ ಹಾಗೆ. ಗಾಳಿ ಎದ್ದಾಗ ಗುಂಡು ಒಂದು ಕಡೆ ನಿಲ್ಲಲೇ ಇಲ್ಲ, ದಾರ ಹಿಡಿದಿದ್ದ ನನ್ನ ಬೆರಳುಗಳೆಲ್ಲ ಗೀರು.

ಆಮೇಲೆ ನಾನೇ ಒಂದು ದೊಡ್ಡ ತಪ್ಪು ಮಾಡಿದೆ. ಸಂಜೆ ಪರದೆಯಲ್ಲಿ ತಳದಿಂದ ದಟ್ಟ ಪಟ್ಟಿ ಮೇಲೇರಿತು. ಮೀನು, ಮೀನು ಅಂತ ಕೂಗಿದೆ. ಪಕ್ಕದವರು ನಕ್ಕು ಬಲೆ ಇಳಿಸಿದರು. ಬಂದದ್ದು ಕೈಬೆರಳಿನಲ್ಲಿ ಎಣಿಸುವಷ್ಟು ಮೀನು, ಜೊತೆಗೆ ಗಾಜಿನಂಥ ಪುಟ್ಟ ಹುಳುಗಳು. ಸರೋವರದ ಮೇಲೆ ಹೊಗೆಯ ಕಂಬದ ಹಾಗೆ ಏಳುವ ನೊಣಗಳ ಮರಿಗಳಂತೆ. ಅವುಗಳ ಮೈಯಲ್ಲೂ ಗಾಳಿಚೀಲ ಇದೆ! ಶಬ್ದಕ್ಕೆ ಹೆಸರು ಗೊತ್ತಿಲ್ಲ, ಹೆಸರು ಹೇಳಲು ಬಲೆಯೇ ಬೇಕು. ಹಾಗಾಗಿ ಆಗಾಗ ಟ್ರಾಲ್ ಬಲೆ ಎಳೆದು ಯಾವ ಮೀನು, ಎಷ್ಟುದ್ದ ಅಂತ ನೋಡುತ್ತಾರೆ.

ಇನ್ನೊಂದು ತೊಂದರೆ ಇದೆ. ರಾತ್ರಿ ದಗಾ ಮೇಲಕ್ಕೆ ಬರುತ್ತದೆ. ಯಂತ್ರ ಇರುವುದು ಹಡಗಿನ ಅಡಿಯಲ್ಲಿ, ಅದಕ್ಕಿಂತ ಮೇಲಿರುವ ಮೀನು ಅದಕ್ಕೆ ಕಾಣುವುದೇ ಇಲ್ಲ. ಅಲ್ಲಿನ ಬೆಸ್ತರು ಹಿಡಿಯುವುದು ಅದೇ ಹೊತ್ತಿಗೆ, ಕತ್ತಲ ರಾತ್ರಿ ದೀಪ ಹಚ್ಚಿ. ಅದಕ್ಕೇ ದಡದಲ್ಲೂ ಲೆಕ್ಕ ನಡೆಯುತ್ತದೆ: ಎಷ್ಟು ದೋಣಿ, ಎಷ್ಟು ಜನ, ಯಾವ ಬಲೆ, ಒಂದು ದೋಣಿಗೆ ಎಷ್ಟು ಕಿಲೋ. ನನಗೆ ಹೆಚ್ಚು ನಂಬಿಕೆ ಬಂದದ್ದು ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟಾಗಲೇ.