ವಾಕಿಂಗ್ ಯಾಕೆ ನಿಂತುಹೋಗುತ್ತದೆ?

ಓದುಗರ ಪತ್ರ: ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದು ಹೋದ ವರ್ಷ ನಿವೃತ್ತನಾದೆ. ಶುಗರ್ ಇದೆ. ಡಾಕ್ಟರು ವಾಕಿಂಗ್ ಮಾಡಿ ಅಂದರು. ಮಗ ಹೆಜ್ಜೆ ಎಣಿಸುವ ವಾಚು ತಂದುಕೊಟ್ಟ. ಸ್ವಲ್ಪ ದಿನಕ್ಕೇ ಎಲ್ಲ ನಿಂತಿತು. ಹೆಜ್ಜೆ ಎಣಿಸಿ ಏನಾಗಬೇಕು? 'ಬಾಳಿಗೊಂದು ಗುರಿ ಇರಲಿ' ಎಂದು ಎಲ್ಲರೂ ಬರೆಯುತ್ತೀರಿ. ಅದೇನು ಅಂಗಡಿಯಲ್ಲಿ ಸಿಗುತ್ತದಾ?
– ನಿವೃತ್ತರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ನಿಮ್ಮದು ಸೋಮಾರಿತನ ಅಂತ ನನಗೆ ಅನ್ನಿಸುವುದಿಲ್ಲ. ಮೂವತ್ತು ವರ್ಷ ಹೊತ್ತಿಗೆ ಸರಿಯಾಗಿ ಎದ್ದು ಕೆಲಸಕ್ಕೆ ಹೋದವರು ನೀವು. ಅಲ್ಲಿ ಜನ ಕಾಯುತ್ತಿದ್ದರು. ಪಾರ್ಕಿನಲ್ಲಿ ಯಾರೂ ಕಾಯುತ್ತಿಲ್ಲ, ಅಲ್ವಾ?

ಅಮೆರಿಕದ ಬಾಲ್ಟಿಮೋರ್‌ನಲ್ಲಿ 'ಎಕ್ಸ್‌ಪೀರಿಯನ್ಸ್ ಕೋರ್' ಎಂಬ ಯೋಜನೆ ನಡೆಯಿತು. ಹಿರಿಯರು ಪ್ರಾಥಮಿಕ ಶಾಲೆಗೆ ಹೋಗಿ ಮಕ್ಕಳಿಗೆ ಓದಲು ಕಲಿಸಬೇಕು, ಲೈಬ್ರರಿ ನೋಡಿಕೊಳ್ಳಬೇಕು. ವಾರಕ್ಕೆ 15 ಗಂಟೆ. ಮೊದಲ ಪ್ರಯೋಗದಲ್ಲಿ ಇದ್ದವರು 128 ಮಂದಿ, 60ರಿಂದ 86 ವರ್ಷದವರು. ಯಾರು ಶಾಲೆಗೆ, ಯಾರು ಮನೆಯಲ್ಲೇ ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದರು. ಕೆಲವು ತಿಂಗಳ ನಂತರ ನೋಡಿದರೆ ಶಾಲೆಗೆ ಹೋದವರ ಓಡಾಟ ಜಾಸ್ತಿಯಾಗಿತ್ತು, ಕೈಕಾಲಿಗೆ ಬಲ ಬಂದಿತ್ತು. ಟೀವಿ ನೋಡುವುದು ಅವರಲ್ಲಿ ತುಸು ಇಳಿದಿತ್ತು, ಉಳಿದವರಲ್ಲಿ ಏರಿತ್ತು. ಕಷ್ಟಕ್ಕೆ ಕರೆಯಬಹುದಾದ ಜನವೂ ಹೆಚ್ಚಾಗಿದ್ದರು. 2004ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ನನಗೆ ಹಿಡಿಸಿದ್ದು ಒಂದೇ: ಅವರು ಹೊರಟಿದ್ದು ಮಕ್ಕಳಿಗಾಗಿ. ವ್ಯಾಯಾಮ ದಾರಿಯಲ್ಲಿ ತಾನಾಗಿ ಆಯಿತು.

ಜಪಾನಿನ ಓಸಾಕಿಯಲ್ಲಿ 1994ರಲ್ಲಿ 40 ದಾಟಿದ 43,000ಕ್ಕೂ ಹೆಚ್ಚು ಜನರನ್ನು, ಬದುಕಬೇಕು ಅನ್ನಿಸುವಂಥದ್ದು ನಿಮಗೇನಾದರೂ ಇದೆಯೇ ಎಂದು ಕೇಳಿದ್ದರು. ಮುಂದಿನ ಏಳು ವರ್ಷಗಳಲ್ಲಿ 'ಇಲ್ಲ' ಅಂದವರಲ್ಲಿ ಸಾವು ಹೆಚ್ಚಿತ್ತು, ಅದರಲ್ಲೂ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ. ಕ್ಯಾನ್ಸರ್ ಸಾವಿನಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿ ಹೆದರಬೇಡಿ. 'ಇಲ್ಲ' ಅಂದವರಲ್ಲಿ ಮೈನೋವಿನವರು, ಕೆಲಸ ಇಲ್ಲದವರು ಮೊದಲೇ ಜಾಸ್ತಿ ಇದ್ದರು. ಅದನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ವ್ಯತ್ಯಾಸ ಉಳಿಯಿತು ಅನ್ನುವುದು ನಿಜ. ಆದರೂ ಮೈ ಸರಿಯಿಲ್ಲದಾಗ ಯಾವುದರಲ್ಲೂ ಮನಸ್ಸು ನಿಲ್ಲುವುದಿಲ್ಲ. ಹಾಗಾಗಿ ಯಾವುದು ಮೊದಲು ಎಂದು ಒಂದೇ ಮಾತಿನಲ್ಲಿ ಹೇಳಲಾಗದು.

ಗುರಿ ಅಂದರೆ ಊರು ಉದ್ಧಾರ ಮಾಡುವುದು ಅಂತ ಯಾಕೋ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ವೇದಿಕೆ ಮೇಲಿನ ಭಾಷಣಗಳ ಪ್ರಭಾವ ಇರಬೇಕು! ನಿಮಗೆ ಅಷ್ಟೆಲ್ಲ ಬೇಡ. ನಿಮ್ಮ ಹತ್ತಿರ ಮೂವತ್ತು ವರ್ಷದ ಬ್ಯಾಂಕಿನ ಅನುಭವ ಇದೆ. ನವೆಂಬರ್ ಬಂತೆಂದರೆ ಪಿಂಚಣಿದಾರರು ಜೀವನ ಪ್ರಮಾಣಪತ್ರ ಕೊಡಬೇಕು. ಈಗ ಮೊಬೈಲಿಗೆ ಮುಖ ತೋರಿಸಿದರೂ ಸಾಕು. ಆದರೆ ನಿಮ್ಮ ಬೀದಿಯ ಅಜ್ಜಿಗೆ ಅದನ್ನು ಮಾಡಿಕೊಡುವವರು ಯಾರು? ವಾರಕ್ಕೆ ಎರಡು ದಿನ, ಇಷ್ಟು ಗಂಟೆಗೆ ಬರುತ್ತೇನೆ ಎಂದು ನಾಲ್ಕು ಮನೆಗೆ ಹೇಳಿಬಿಡಿ. ಸ್ಕೂಟರ್ ಬೇಡ, ನಡೆದೇ ಹೋಗಿ. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ, ಗಣಿತ ಹೇಳಿಕೊಡಲೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿನೋಡಿ.

ಇನ್ನೊಂದು ಮಾತು. ಇದ್ಯಾವುದೂ ಮಾತ್ರೆಗೆ ಬದಲಿ ಅಲ್ಲ. ಶುಗರ್ ಮಾತ್ರೆ ತಪ್ಪಿಸಬೇಡಿ. ನಡೆದು ಬಂದ ಮೇಲೆ ಪಾದಗಳಲ್ಲಿ ಗಾಯವೋ ಗುಳ್ಳೆಯೋ ಆಗಿದೆಯಾ ನೋಡಿಕೊಳ್ಳಿ. ಶುಗರ್ ಇರುವವರಿಗೆ ಕೆಲವೊಮ್ಮೆ ನೋವೇ ತಿಳಿಯುವುದಿಲ್ಲ.