ಶೀಟ್ ಕಾರ್ಖಾನೆಯಲ್ಲಿ ದುಡಿದ ತಂದೆಗೆ ಕಲ್ನಾರು ಧೂಳಿನ ಕಾಯಿಲೆ ಬಂದಿದೆ, ಸರ್ಕಾರದಿಂದ ಪರಿಹಾರ ಸಿಗುತ್ತಾ?

ತಂದೆ ನಿವೃತ್ತರಾಗಿ ಒಂದೂವರೆ ವರ್ಷವಾಯಿತು, ಈಗ ಸ್ಕ್ಯಾನ್ ನೋಡಿದ ಡಾಕ್ಟರು ಆಸ್ಬೆಸ್ಟೋಸಿಸ್ (ಕಲ್ನಾರಿನ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ) ಇರಬಹುದು ಅಂದಿದ್ದಾರೆ ಅಂತ ಬರೆದಿದ್ದೀರಿ. ಪರಿಹಾರ ಇದೆ. ಆದರೆ ಅದು ಸರ್ಕಾರದ ಖಜಾನೆಯಿಂದ ಬರುವ ದುಡ್ಡಲ್ಲ, ಕಾನೂನು ಹಿಡಿದು ಮಾಲೀಕರಿಂದಲೋ ಇಎಸ್‌ಐ ಅನ್ನುವ ಕಾರ್ಮಿಕರ ವಿಮೆಯಿಂದಲೋ ಪಡೆಯಬೇಕಾದದ್ದು. ನನಗೆ ನಿಮ್ಮ ಪ್ರಶ್ನೆಯಲ್ಲಿ ಗಾಬರಿ ಹುಟ್ಟಿಸಿದ್ದು ಆ ಒಂದೂವರೆ ವರ್ಷ.

ನಾನು ವಕೀಲನಲ್ಲ, ನಮ್ಮ ಚಿಕ್ಕಪ್ಪನ ಕೇಸಿಗೆ ಮೂರು ವರ್ಷ ಓಡಾಡಿದವನು. 1923ರ ನೌಕರರ ಪರಿಹಾರ ಕಾಯ್ದೆಯ ಕಾಯಿಲೆಗಳ ಪಟ್ಟಿಯಲ್ಲಿ ಆಸ್ಬೆಸ್ಟೋಸಿಸ್ ಇದೆ, ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೀಸೋಥೀಲಿಯೋಮಾ (ಶ್ವಾಸಕೋಶದ ಹೊದಿಕೆಗೆ ಬರುವ ಕ್ಯಾನ್ಸರ್) ಕೂಡ ಇವೆ. ಕೆಲಸ ಬಿಟ್ಟ ಎರಡು ವರ್ಷದೊಳಗೆ ಲಕ್ಷಣ ಕಾಣಿಸಿದರೆ, ಅದು ಮೊದಲು ಪತ್ತೆಯಾದ ದಿನವನ್ನೇ ಅಪಘಾತದ ದಿನ ಅಂತ ಹಿಡಿಯುತ್ತಾರೆ. ಅಲ್ಲಿಂದ ಎರಡು ವರ್ಷದೊಳಗೆ ನೌಕರರ ಪರಿಹಾರ ಆಯುಕ್ತರಿಗೆ ಅರ್ಜಿ ಹಾಕಬೇಕು. ಈ ಕಾಯಿಲೆಯೋ ಹೊರಗೆ ಬರಲು ಇಪ್ಪತ್ತು ಮೂವತ್ತು ವರ್ಷ ತೆಗೆದುಕೊಳ್ಳುತ್ತದೆ! ತಡವಾದ ಅರ್ಜಿಯನ್ನೂ ಸರಿಯಾದ ಕಾರಣವಿದ್ದರೆ ಆಯುಕ್ತರು ಒಪ್ಪಬಹುದು, ಆದರೆ ಅದನ್ನು ನಂಬಿ ಕೂರಬೇಡಿ.

ಚಿಕ್ಕಪ್ಪ ಇದ್ದದ್ದು ಮಿಕ್ಸಿಂಗ್‌ನಲ್ಲಿ. ಕಲ್ನಾರಿನ ಚೀಲ ಚಾಕುವಿನಲ್ಲಿ ಸೀಳಿ ಸುರಿಯುವುದು, ಶಿಫ್ಟ್ ಮುಗಿದಾಗ ಗಾಳಿ ಪೈಪು ಹಿಡಿದು ಮೈಮೇಲಿನ ಅಂಗಿ ಕೊಡವಿಕೊಳ್ಳುವುದು. ಅರವತ್ತಕ್ಕೆ ನಿವೃತ್ತಿ, ಬೆನ್ನಿಗೇ ಕೆಮ್ಮು. ಎರಡು ಕಡೆ ಟಿಬಿ ಅಂತ ಮಾತ್ರೆ ಕೊಟ್ಟರು. ಕೊನೆಗೆ ಕೇಸು ಉಳಿಸಿದ್ದು ಆಸ್ಪತ್ರೆಯೊಂದರ ಅಂಗೈಯಗಲದ ಓಪಿಡಿ ಚೀಟಿ. ನಿವೃತ್ತಿಯಾಗಿ ನಾಲ್ಕು ತಿಂಗಳಿಗೆ ಬರೆದದ್ದು: ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ತಾರೀಖು, ಸೀಲು. ಚಿಕ್ಕಮ್ಮ ಅದನ್ನು ರೇಷನ್ ಕಾರ್ಡಿನ ಕವರಿನಲ್ಲಿ ಮಡಚಿ ಇಟ್ಟಿದ್ದರು.

ಲೆಕ್ಕ ಹೀಗಾಯಿತು. ಸಂಬಳ ಎಷ್ಟೇ ಇರಲಿ 15,000 ರೂಪಾಯಿಗೆ ಮಿತಿ. ಅದರ ಶೇ. 60 ಅಂದರೆ 9,000. ಅರವತ್ತು ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿರುವ ಗುಣಕ 117.41, ಎರಡನ್ನೂ ಗುಣಿಸಬೇಕು. ಪೂರ್ತಿ ಅಶಕ್ತರಾಗಿದ್ದರೆ 10,56,690 ರೂ. ಬರುತ್ತಿತ್ತು. ಚಿಕ್ಕಪ್ಪನ ದುಡಿಮೆಯ ಶಕ್ತಿ ಶೇ. 40 ಹೋಗಿದೆ ಅಂತ ತೀರ್ಮಾನವಾಗಿ 4,22,676 ರೂ. ಬಂತು, ಮೇಲೆ ತಡಮಾಡಿದ್ದಕ್ಕೆ ವರ್ಷಕ್ಕೆ ಶೇ. 12 ಬಡ್ಡಿ. ಈಗ ಆ ಕಾಯ್ದೆ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿದೆ, ನಿಮ್ಮ ಅರ್ಜಿ ಯಾವುದರಡಿ ಅಂತ ತಾರೀಖು ನೋಡಿ ವಕೀಲರು ಹೇಳಲಿ.

ನಿಮ್ಮ ತಂದೆಗೆ ಇಎಸ್‌ಐ ಇದ್ದಿದ್ದರೆ ಈ ದಾರಿ ಇಲ್ಲ, ಅಲ್ಲೇ ಕೇಳಬೇಕು. ವಿಶೇಷ ವೈದ್ಯಕೀಯ ಮಂಡಳಿ ಪರೀಕ್ಷೆ ಮಾಡಿ ಶೇಕಡಾವಾರು ನಿಗದಿ ಮಾಡುತ್ತದೆ. ನಮ್ಮ ಕಡೆ ಆಗ ಇಎಸ್‌ಐ ಬಂದಿರಲಿಲ್ಲ, ಹಾಗಾಗಿ ಅಲ್ಲಿಯ ಓಡಾಟ ನನಗೆ ಅನುಭವವಿಲ್ಲ.

ಇನ್ನೊಂದು ಆಯುಧ 1995ರ ಜನವರಿ 27ರ ಸುಪ್ರೀಂ ಕೋರ್ಟ್ ತೀರ್ಪು. ಕಲ್ನಾರು ಕಾರ್ಮಿಕರ ಪರವಾಗಿ ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹಾಕಿದ್ದ ಕೇಸು ಅದು. ಕಾಯಿಲೆ ದೃಢಪಟ್ಟ ಪ್ರತಿ ಕಾರ್ಮಿಕನಿಗೆ ಒಂದು ಲಕ್ಷ ರೂ. ಕೊಡಬೇಕು ಎಂದಿತು. ಅದಕ್ಕಿಂತ ಉಪಯೋಗಕ್ಕೆ ಬರುವುದು ಇನ್ನೊಂದು ಆದೇಶ: ಕಾರ್ಖಾನೆ ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಟ್ಟಿರಬೇಕು. ಆ ದಾಖಲೆಯ ಪ್ರತಿ ಕೊಡಿ ಅಂತ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಈ ವಾರವೇ ಬರೆಯಿರಿ. ನಮಗೆ "ಹುಡುಕುತ್ತಿದ್ದೇವೆ" ಅಂತ ಉತ್ತರ ಬಂತು. ಆ ಉತ್ತರವೇ ಮುಂದೆ ನಮಗೆ ಸಾಕ್ಷಿಯಾಯಿತು.

ಕಾಯಿಲೆ ದೃಢಪಡಿಸಲು ತೀರ್ಪಿನಲ್ಲಿ ಹೆಸರಿಸಿದ್ದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯನ್ನು. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ದೇವನಹಳ್ಳಿ ಬಳಿಯ ಕನ್ನಮಂಗಲದಲ್ಲಿದೆ. ಡಾಕ್ಟರ ಪತ್ರ ಹಿಡಿದು ಅಲ್ಲಿ ವಿಚಾರಿಸಿ.

ಆ ಅಂಗಿಯನ್ನು ಒಗೆಯುವ ಕಲ್ಲಿನ ಮೇಲೆ ಕೊಡವಿ ಕೊಡವಿ ಒಗೆದವರು ಚಿಕ್ಕಮ್ಮ. ಅವರಿಗೇನಾದರೂ ಆದರೆ ಮೇಲೆ ಹೇಳಿದ ಯಾವುದೂ ಇಲ್ಲ, ಅವರು ಕಾರ್ಮಿಕರಲ್ಲವಲ್ಲ. ಬ್ರಿಟನ್ನಿನಲ್ಲಿ ಗಂಡನ ಬಟ್ಟೆಯ ಧೂಳಿನಿಂದ ಮೀಸೋಥೀಲಿಯೋಮಾ ಬಂದವರಿಗೂ 2008ರಿಂದ ಸರ್ಕಾರ ಹಣ ಕೊಡುತ್ತದೆ. ನಿಮ್ಮ ತಾಯಿಗೂ ಒಂದು ಎಕ್ಸ್-ರೇ ಮಾಡಿಸಿ.

ಮತ್ತೆ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಚೀಟಿಯಲ್ಲಿ ಉದ್ಯೋಗ ಅನ್ನುವ ಕಡೆ "ನಿವೃತ್ತ" ಅಂತ ಬರೆಯಲು ಬಿಡಬೇಡಿ. ಯಾವ ಕಾರ್ಖಾನೆ, ಯಾವ ವಿಭಾಗ, ಎಷ್ಟು ವರ್ಷ ಅಂತ ಡಾಕ್ಟರ ಕೈಯಲ್ಲೇ ಬರೆಸಿ, ಸೀಲು ಹಾಕಿಸಿಕೊಳ್ಳಿ.