ಹತ್ತನೇ ತಾರೀಖಿನ ರಾತ್ರಿ ಬರುವ ಬಿಲ್ಲುಗಳು

ಪ್ರಶ್ನೆ: ರಾಯಚೂರಿನಲ್ಲಿ ಸಣ್ಣ ತೆರಿಗೆ ಸಲಹಾ ಕಚೇರಿ ನಡೆಸುತ್ತಿದ್ದೇನೆ. ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಫ್ಯಾಕ್ಟರಿಯ ಸಾಹುಕಾರರೊಬ್ಬರು ತಂದೆಯ ಕಾಲದ ಗ್ರಾಹಕರು. ಅವರ ಬಿಲ್ಲುಗಳು ಪ್ರತಿ ತಿಂಗಳು ಹತ್ತನೇ ತಾರೀಖಿನ ರಾತ್ರಿಯೇ ಬರುತ್ತವೆ. ನಮ್ಮ ಹುಡುಗರು ಫೋನ್ ಮಾಡಿದರೆ ಮಾತೇ ಆಡುವುದಿಲ್ಲ. ಬ್ಯಾಂಕ್ ಸಾಲದ ಕಾಗದ, ಅಳಿಯನ ಆದಾಯ ತೆರಿಗೆ ಎಲ್ಲವೂ ಅದೇ ಶುಲ್ಕದಲ್ಲಿ ಆಗಬೇಕು. ಮೊನ್ನೆ ಬಡ್ಡಿ ಬಿದ್ದಾಗ ನಮ್ಮನ್ನೇ ಬೈದರು. ಇವರನ್ನು ಬಿಟ್ಟುಬಿಡಲೇ?
– ಹೆಸರು ಬೇಡ, ರಾಯಚೂರು

ಉತ್ತರ: ಬಿಡಬೇಡಿ. ತಂದೆಯ ಕಾಲದಿಂದ ನಿಮ್ಮ ಮೆಟ್ಟಿಲು ಹತ್ತುತ್ತಿರುವವರು ಕೆಟ್ಟ ಗ್ರಾಹಕರಲ್ಲ. ತಡವಾದರೆ ತಮಗೇನು ನಷ್ಟ ಎಂಬುದನ್ನು ಅವರಿಗೆ ಇದುವರೆಗೆ ಯಾರೂ ಕೂರಿಸಿ ಹೇಳಿಲ್ಲ, ಅಷ್ಟೇ. ಬಳ್ಳಾರಿಯ ನನ್ನ ಕಚೇರಿಗೆ ಬರುವ ಜೀನ್ಸ್ ಘಟಕಗಳವರಲ್ಲೂ ಇದನ್ನೇ ಕಂಡಿದ್ದೇನೆ.

ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕವೆಂದು ಹೆದರಿಸಿದರೆ ಲಕ್ಷಗಳಲ್ಲಿ ವ್ಯಾಪಾರ ಮಾಡುವವರು ಕದಲುವುದಿಲ್ಲ. ಅವರ ಅರಳೆ ಕೊಳ್ಳುವ ನೂಲಿನ ಗಿರಣಿಯ ಕಡೆಯಿಂದ ಲೆಕ್ಕ ತೋರಿಸಿ. ಹತ್ತು ಲಕ್ಷ ರೂಪಾಯಿಯ ಅರಳೆ ಹೋದರೆ ಶೇ 5ರ ಜಿಎಸ್‌ಟಿ ಐವತ್ತು ಸಾವಿರ. 11ರೊಳಗೆ ಮಾರಾಟದ ಬಿಲ್ಲುಗಳ ರಿಟರ್ನ್ ಆದ ಜಿಎಸ್‌ಟಿಆರ್-1 ಸಲ್ಲಿಕೆಯಾಗದಿದ್ದರೆ, 14ರಂದು ಗಿರಣಿಯವರು ತಮ್ಮ ಖರೀದಿಯ ಕ್ರೆಡಿಟ್‌ಗಾಗಿ ತೆರೆದು ನೋಡುವ 2ಬಿ ಪಟ್ಟಿಯಲ್ಲಿ ಆ ಬಿಲ್ಲು ಇರುವುದಿಲ್ಲ. ಆ ಕ್ರೆಡಿಟ್, ಅಂದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಮುಂದಿನ ತಿಂಗಳಿಗೆ ಹೋಗುತ್ತದೆ. ಆಗ ಅವರು ಐವತ್ತು ಸಾವಿರ ತಡೆಹಿಡಿದು ಉಳಿದದ್ದನ್ನು ಮಾತ್ರ ಕಳುಹಿಸಿದರೆ ತಪ್ಪೆನ್ನಲಾಗದು. ಈ ಮಾತು ಸಾಹುಕಾರರಿಗೆ ತಕ್ಷಣ ತಲುಪುತ್ತದೆ.

ಬಡ್ಡಿಯ ವಿಷಯದಲ್ಲಿ ಮಾತ್ರ ನಿಮ್ಮ ಕಡೆಯೂ ನೋಡಿಕೊಳ್ಳಬೇಕು. ರೈತರಿಂದ ನೇರವಾಗಿ ಕೊಂಡ ಹತ್ತಿಗೆ ತೆರಿಗೆ ಕಟ್ಟುವವರು ಕೊಂಡವರೇ. ಅದನ್ನು ಖಾತೆಯಲ್ಲಿರುವ ಕ್ರೆಡಿಟ್‌ನಿಂದ ತೀರಿಸುವಂತಿಲ್ಲ, ನಗದಿನಲ್ಲೇ ಕಟ್ಟಬೇಕು. ಕ್ರೆಡಿಟ್ ಸಿಗುವುದು ಆಮೇಲೆ. ಸೀಸನ್ನಿನ ಒಂದು ತಿಂಗಳಲ್ಲಿ ಕೋಟಿ ರೂಪಾಯಿಯ ಹತ್ತಿ ಬಂದರೆ ಐದು ಲಕ್ಷ ಕೈಯಲ್ಲಿರಬೇಕು. ದುಡ್ಡೆಲ್ಲ ಹತ್ತಿಯ ರಾಶಿಯಲ್ಲಿ ಸಿಕ್ಕಿಬಿದ್ದಿರುವಾಗ, ತೆರಿಗೆ ಕಟ್ಟುವ ಕೊನೆಯ ದಿನವಾದ 20ರ ಬೆಳಿಗ್ಗೆ ‘ಇಂದೇ ಐದು ಲಕ್ಷ ಕಟ್ಟಿ’ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಕಟ್ಟಲಾಗದೆ ಉಳಿದರೆ ವರ್ಷಕ್ಕೆ ಶೇ 18ರ ಬಡ್ಡಿ. ಆದ್ದರಿಂದ ತಿಂಗಳ ಕೊನೆಯ ವಾರದಲ್ಲೇ ಖರೀದಿಯ ಅಂದಾಜು ಕೇಳಿ, ‘ಸುಮಾರು ಇಷ್ಟು ನಗದು ಬೇಕಾಗುತ್ತದೆ ಸಾಹುಕಾರರೇ’ ಎಂದು ತಿಳಿಸಿ. ಅಂದಾಜು ತುಸು ಹೆಚ್ಚುಕಡಿಮೆಯಾದರೂ ಪರವಾಗಿಲ್ಲ. ನನ್ನನ್ನು ಕೇಳಿದರೆ, ಗ್ರಾಹಕರು ವರ್ಷಗಟ್ಟಲೆ ನಿಲ್ಲುವುದು ಈ ಮುಂಚಿನ ಮಾತಿನಿಂದ. ರಿಟರ್ನ್ ಸಲ್ಲಿಸುವುದನ್ನು ಎಲ್ಲರೂ ಮಾಡುತ್ತಾರೆ.

ಇನ್ನು ನಿಮ್ಮ ಹುಡುಗರು. ಸಾಹುಕಾರರ ಕರೆ ಬಂದಾಗಲೆಲ್ಲ ಫೋನನ್ನು ನೀವೇ ಕಸಿದುಕೊಂಡರೆ ಅವರು ಹುಡುಗರ ಮಾತನ್ನು ಎಂದಿಗೂ ಕೇಳುವುದಿಲ್ಲ. ನಿಮ್ಮ ಕಚೇರಿಯಲ್ಲಿ ಅವರ ಲೆಕ್ಕ ಬರೆಯುವ ಹುಡುಗನನ್ನು ಒಮ್ಮೆ ಫ್ಯಾಕ್ಟರಿಗೆ ಕರೆದುಕೊಂಡು ಹೋಗಿ. ‘ನಿಮ್ಮ ಫೈಲು ಇವನ ಕೈಯಲ್ಲಿದೆ, ನನಗಿಂತ ಇವನಿಗೇ ಚೆನ್ನಾಗಿ ಗೊತ್ತು’ ಎಂದು ಅವನ ಎದುರಿಗೇ ಹೇಳಿ. ಜೊತೆಗೆ ಅಲ್ಲಿನ ಗುಮಾಸ್ತರ ಪಕ್ಕದಲ್ಲಿ ಅವನನ್ನು ಸ್ವಲ್ಪ ಹೊತ್ತು ಕೂರಿಸಿ. ಬಿಲ್ಲುಗಳು ನಿಲ್ಲುವುದು ಸಾಮಾನ್ಯವಾಗಿ ಸಾಹುಕಾರರ ಬಳಿ ಅಲ್ಲ. ತೂಕದ ಚೀಟಿಗಳನ್ನು ತಂತಿಗೆ ಚುಚ್ಚಿಟ್ಟು, ತಿಂಗಳು ಮುಗಿದ ಮೇಲೆ ಒಟ್ಟಿಗೆ ಬರೆಯಲು ಕೂರುವ ಗುಮಾಸ್ತರ ಬಳಿ. ವಾರಕ್ಕೊಮ್ಮೆ ಆ ಚೀಟಿಗಳ ಫೋಟೊ ಹುಡುಗನ ಮೊಬೈಲಿಗೆ ಬಂದರೆ ಸಾಕು, ಹತ್ತನೇ ತಾರೀಖಿನ ಜಾಗರಣೆ ತಪ್ಪುತ್ತದೆ.

ಅಳಿಯನ ರಿಟರ್ನ್, ಬ್ಯಾಂಕಿನ ಕಾಗದ ಮಾಡಿಕೊಡಿ, ಆದರೆ ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರೆಯಿರಿ. ಹಳೆಯ ಪರಿಚಯಕ್ಕಾಗಿ ಬಿಟ್ಟುಕೊಡುವುದಿದ್ದರೂ ಮೊತ್ತ ಬರೆದು, ಅದರ ಕೆಳಗೆ ರಿಯಾಯಿತಿ ತೋರಿಸಿ. ಶುಲ್ಕ ಹೆಚ್ಚಿಸುವ ಮಾತನ್ನು ಈಗ, ಸಿಟ್ಟು ಆರುವ ಮೊದಲು ಎತ್ತಬೇಡಿ. ಹೊಸ ಹತ್ತಿ ಬರುವ ಮೊದಲು, ಸೆಪ್ಟೆಂಬರ್ ಹೊತ್ತಿಗೆ ಅವರಿಗೂ ಬಿಡುವಿರುತ್ತದೆ. ಯಾವ ಕೆಲಸ ಶುಲ್ಕದೊಳಗೆ, ಯಾವುದು ಹೊರಗೆ, ಬಿಲ್ಲುಗಳು ಯಾವ ತಾರೀಖಿಗೆ ಬರಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಇಬ್ಬರೂ ಸಹಿ ಮಾಡಿ, ಒಂದು ಪ್ರತಿಯನ್ನು ಗುಮಾಸ್ತರಿಗೂ ಕೊಡಿ.